ಹ್ಯಾಮ್ ಲಾಗ್ ಕಾಗದದಿಂದ ಕಂಪ್ಯೂಟರಿಗೆ: ತಂತ್ರಾಂಶ ಆರಿಸಿಕೊಂಡ ಎಂಟು ವಾರಗಳ ಕೆಲಸದ ಟಿಪ್ಪಣಿ

ಕಳೆದ ಡಿಸೆಂಬರಿನಲ್ಲಿ ಜಪಾನಿನ ಹ್ಯಾಮ್ ರೇಡಿಯೊ ಹವ್ಯಾಸಿಯೊಬ್ಬರ ಕ್ಯೂಎಸ್‌ಎಲ್ ಕಾರ್ಡು, ಅಂದರೆ ರೇಡಿಯೊ ಸಂಪರ್ಕವನ್ನು ಖಚಿತಪಡಿಸುವ ಕಾರ್ಡು, ಬಂತು. 2016ರಲ್ಲಿ 40 ಮೀಟರ್ ಬ್ಯಾಂಡಿನಲ್ಲಿ, ಯುಟಿಸಿ ಸಮಯ (ಭಾರತೀಯ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ವಿಶ್ವ ಸಮಯ) 21:42ಕ್ಕೆ, ಮೋರ್ಸ್‌ನಲ್ಲಿ ನಾವಿಬ್ಬರೂ ಮಾತನಾಡಿದ್ದೆವು ಎಂದು ಅದರಲ್ಲಿತ್ತು. ಸಂಪರ್ಕಗಳನ್ನು ಬರೆದಿಡುವ ನನ್ನ ನೋಟ್‌ಬುಕ್ಕಿನಲ್ಲಿ, ಅಂದರೆ ಲಾಗಿನಲ್ಲಿ, ಆ ದಿನಾಂಕದಡಿ ಅಂಥ ನಮೂದೇ ಇರಲಿಲ್ಲ. ಅವರೇ ತಪ್ಪು ಬರೆದಿರಬೇಕೆಂದು ಎರಡು ದಿನ ಸುಮ್ಮನಿದ್ದು, ಮೂರನೆಯ ದಿನ ಪುಟ ಮಗುಚಿದಾಗ ಮರುದಿನದ ಹಾಳೆಯ ಮೇಲ್ತುದಿಯಲ್ಲಿ, ಬೆಳಗಿನ ಜಾವ 3:12ರ ಎದುರು, ಅವರ ಕಾಲ್‌ಸೈನ್ (ಪರವಾನಗಿಯೊಂದಿಗೆ ಸಿಗುವ ಗುರುತಿನ ಹೆಸರು) ಸಿಕ್ಕಿತು. ಆಗ ನಾನು ಲಾಗನ್ನು ಭಾರತೀಯ ಸಮಯದಲ್ಲಿ ಬರೆಯುತ್ತಿದ್ದೆ. ಎಲ್ಲವನ್ನೂ ಕಂಪ್ಯೂಟರಿಗೆ ಹಾಕಬೇಕೆಂದು ಹತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದ ಕೆಲಸಕ್ಕೆ ಕೈಹಚ್ಚಿದ್ದು ಆ ಕಾರ್ಡಿನಿಂದ.

1. ಜನವರಿ 12, ಭಾನುವಾರ: ಎಣಿಕೆ

ಮೊದಲು ಕೈಯಲ್ಲಿ ಏನಿದೆ ಎಂದು ಎಣಿಸಿದೆ. ಮೂರು ರೂಲ್ ಹಾಕಿದ ನೋಟ್‌ಬುಕ್ಕುಗಳಲ್ಲಿ ಕ್ರಮವಾಗಿ 412, 655 ಮತ್ತು 370, ಒಟ್ಟು 1,437 ಸಂಪರ್ಕಗಳು. 2019ರಿಂದ ಎಫ್‌ಟಿ8 ಮತ್ತು ಎಫ್‌ಟಿ4 ಎಂಬ, ಕಂಪ್ಯೂಟರ್ ಮೂಲಕ ನಡೆಯುವ ಡಿಜಿಟಲ್ ವಿಧಾನಗಳಲ್ಲಿ ಮಾಡಿದ 2,168 ಸಂಪರ್ಕಗಳು, ಅವನ್ನು ನಡೆಸುವ ಡಬ್ಲ್ಯುಎಸ್‌ಜೆಟಿ-ಎಕ್ಸ್ ತಂತ್ರಾಂಶ ತಾನಾಗಿಯೇ ಬರೆದಿಟ್ಟ ಫೈಲಿನಲ್ಲಿದ್ದವು. ಮೊದಲ ನೋಟ್‌ಬುಕ್ ಪೂರ್ತಿ, ಎರಡನೆಯದರ ಮೊದಲ 98 ಸಾಲು ಭಾರತೀಯ ಸಮಯದಲ್ಲಿ, ಉಳಿದದ್ದು ಯುಟಿಸಿಯಲ್ಲಿ. ಮೊದಲ 236 ಸಂಪರ್ಕಗಳು ರಿಸ್ಟ್ರಿಕ್ಟೆಡ್ ದರ್ಜೆಯ ಪರವಾನಗಿಯಿದ್ದಾಗಿನ, ವಿಯು3 ಎಂದು ಶುರುವಾಗುವ ನನ್ನ ಹಳೆಯ ಕಾಲ್‌ಸೈನಿನವು. ಜನರಲ್ ದರ್ಜೆ ಸಿಕ್ಕಿ ವಿಯು2 ಬಂದ ಮೇಲಿನವು ಉಳಿದವು. ಈ ಕೊನೆಯ ಸಂಗತಿಯನ್ನು ಅಂದೇ ಕೆಂಪು ಶಾಯಿಯಲ್ಲಿ ಬರೆದಿಟ್ಟುಕೊಂಡಿದ್ದರೂ ಮುಂದೆ ಅದನ್ನೇ ಮರೆತೆ.

ಬೇಕಾದದ್ದು ಇಷ್ಟು: ಇಂಟರ್‌ನೆಟ್ ಇಲ್ಲದೆಯೂ ನಡೆಯಬೇಕು, ರಿಗ್ಗಿನಿಂದ (ರೇಡಿಯೊ ಯಂತ್ರದಿಂದ) ಆವರ್ತನವನ್ನು ತಾನೇ ಓದಿಕೊಳ್ಳಬೇಕು, ಅಮೆರಿಕದ ಹ್ಯಾಮ್‌ಗಳ ಎಆರ್‌ಆರ್‌ಎಲ್ ಸಂಸ್ಥೆ 2003ರಿಂದ ನಡೆಸುತ್ತಿರುವ, ಎರಡೂ ಕಡೆಯವರ ಲಾಗನ್ನು ತಾಳೆ ನೋಡುವ ಆನ್‌ಲೈನ್ ವ್ಯವಸ್ಥೆಯಾದ ಲಾಗ್‌ಬುಕ್ ಆಫ್ ದಿ ವರ್ಲ್ಡ್‌ಗೆ ದಾಖಲೆ ಕಳಿಸಲು ಬರಬೇಕು, ಮೂಲ ಪ್ರತಿ ಮಾತ್ರ ನನ್ನ ಮನೆಯಲ್ಲೇ ಇರಬೇಕು. ಸೈಬರ್ ದಾಳಿಯ ಕಾರಣ ಆ ವ್ಯವಸ್ಥೆ 2024ರ ಮೇ ತಿಂಗಳಿನಿಂದ ಜೂನ್ ಕೊನೆಯವರೆಗೂ ನಿಂತಿದ್ದದ್ದನ್ನು ಕಂಡ ಮೇಲೆ ಈ ಕೊನೆಯ ಷರತ್ತು ಗಟ್ಟಿಯಾಯಿತು.

2. ಜನವರಿ 18 ಮತ್ತು 19: ಚೆಂದ ನೋಡಿ ಮರುಳಾದದ್ದು

ನಾಲ್ಕು ತಂತ್ರಾಂಶಗಳನ್ನು ಹಾಕಿ ನೋಡಿದೆ. ನಾಲ್ಕಕ್ಕೂ ಹಣ ಕೊಡಬೇಕಿಲ್ಲ.

ವಿಂಡೋಸಿನ ಲಾಗ್4ಓಎಂನಲ್ಲಿ ನಕ್ಷೆ, ಪ್ರಶಸ್ತಿಗಳ ಲೆಕ್ಕ, ಡಿಎಕ್ಸ್ ಕ್ಲಸ್ಟರ್ (ದೂರದ ಕೇಂದ್ರಗಳು ಎಲ್ಲಿ ಕೇಳಿಸುತ್ತಿವೆ ಎಂಬ ಪಟ್ಟಿ), ಎಲ್ಲವೂ ಒಂದೇ ಕಡೆ ಇವೆ. ಶನಿವಾರ ಇಡೀ ಬೆಳಿಗ್ಗೆ ನಾನು ಲಾಗ್ ಬರೆಯದೆ ನಕ್ಷೆಯ ಬಣ್ಣ ಬದಲಿಸುತ್ತ ಕುಳಿತಿದ್ದೆ. ಆದರೆ ಮನೆಯ ವಿಂಡೋಸ್ ಲ್ಯಾಪ್‌ಟಾಪ್ ಮಗಳ ಕಾಲೇಜಿನ ಕೆಲಸಕ್ಕೆ ಬೇಕು, ಅದು ಸಂಜೆ ನನಗೆ ಸಿಗುವುದಿಲ್ಲ. ಎನ್1ಎಂಎಂ ಲಾಗರ್ ಪ್ಲಸ್ ಸ್ಪರ್ಧೆಗಳಿಗಾಗಿಯೇ ಹುಟ್ಟಿದ್ದು. ಕೀಲಿಮಣೆಯಿಂದ ಕೈ ಎತ್ತದೆ ನಮೂದು ಮುಗಿಸಬಹುದು, ಸ್ಪರ್ಧೆಗೆ ಕಳಿಸಬೇಕಾದ ಕ್ಯಾಬ್ರಿಲೋ ಫೈಲನ್ನು ಅದೇ ಸಿದ್ಧಪಡಿಸುತ್ತದೆ. ವರ್ಷಕ್ಕೆರಡು ಸ್ಪರ್ಧೆಯಲ್ಲಿ ಕೂರುವ ನನಗೆ ಅದು ಆ ಎರಡು ದಿನಗಳಿಗೆ ಸಾಕು.

ವೇವ್‌ಲಾಗ್ ಬ್ರೌಸರಿನಲ್ಲಿ ತೆರೆಯುವಂಥದ್ದು, ನಮ್ಮದೇ ಸರ್ವರಿನಲ್ಲಿ ಇಟ್ಟುಕೊಳ್ಳಬಹುದು. ಅಡುಗೆಮನೆಯಲ್ಲಿ ನಿಂತು ಮೊಬೈಲಿನಲ್ಲಿ ಲಾಗ್ ನೋಡಬಹುದೆಂಬ ಆಸೆ ಹುಟ್ಟಿಸಿತು. ಆದರೆ ಅದಕ್ಕೊಂದು ವೆಬ್ ಸರ್ವರ್, ಪಿಎಚ್‌ಪಿ, ಡೇಟಾಬೇಸ್ ಹೀಗೆ ಮೂರು ಪದರಗಳನ್ನು ನಾನೊಬ್ಬನೇ ನೋಡಿಕೊಳ್ಳಬೇಕು. ಮೇಲುಕೋಟೆಯ ಬೆಟ್ಟದ ಮೇಲೆ ಆ್ಯಂಟೆನಾ ಕಟ್ಟಿ ಕೂತಾಗ ಮನೆಯ ಸರ್ವರ್ ನನ್ನ ಕೈಗೆ ಸಿಗುವುದೂ ಇಲ್ಲ. ಅಲ್ಲಿ ಹೇಗಿದ್ದರೂ ಕಾಗದವೇ. ಕೊನೆಯದು ಲಿನಕ್ಸಿನ ಸಿಕ್ಯೂಆರ್‌ಲಾಗ್. ನೋಡಲು ಸಪ್ಪೆ. ರಾಸ್ಪ್‌ಬೆರಿ ಪೈ 4 ಎಂಬ ಹಳೆಯ ಪುಟ್ಟ ಕಂಪ್ಯೂಟರ್ ನನ್ನ ಬಳಿ ಇತ್ತು, ಅದರಲ್ಲಿ ಒಂದೇ ಆದೇಶಕ್ಕೆ ಇಳಿದು ಕೂತಿತು.

ಸಂಜೆ ಮಂಡ್ಯದ ಹಿರಿಯ ಹವ್ಯಾಸಿಯೊಬ್ಬರಿಗೆ 2 ಮೀಟರ್ ಬ್ಯಾಂಡಿನಲ್ಲಿ ಇದನ್ನೆಲ್ಲ ಒಪ್ಪಿಸಿದೆ. ನನಗೆ ಮೋರ್ಸ್ ಕಲಿಸಿದವರು. ನಾನು ಇಂದಿಗೂ ಸಾರ್ ಎಂದೇ ಕರೆಯುವುದು. ಅವರು ಪೂರ್ತಿ ಕೇಳಿಸಿಕೊಂಡು, "ತುಂಬಿಸ್ಕೊಳ್ಳೋದು ಎಲ್ಲ ಸಾಫ್ಟ್‌ವೇರೂ ತುಂಬಿಸ್ಕತದೆ ಕನಪ್ಪ. ಬಗ್ಗಿಸಿದ್ರೆ ಏನ್ ಬೀಳ್ತದೆ ಅಂತ ನೋಡು ಮೊದ್ಲು" ಎಂದರು. ನಾನು ನಕ್ಷೆಯ ಬಣ್ಣ ನೋಡುತ್ತಿದ್ದವನು, ಲಾಗನ್ನು ಹೊರಗೆ ತೆಗೆಯುವ ಮೆನುವನ್ನು ಒಂದರಲ್ಲಿಯೂ ತೆರೆದಿರಲಿಲ್ಲ.

3. ಜನವರಿ 26: ಬಗ್ಗಿಸಿ ನೋಡಿದ್ದು

ಇಡೀ ಕೆಲಸದಲ್ಲಿ ನನಗೆ ಹೆಚ್ಚು ಕಲಿಸಿದ ದಿನ ಇದು. ಇಪ್ಪತ್ತೈದು ತೊಡಕಿನ ನಮೂದುಗಳನ್ನು ಬೇಕೆಂದೇ ಆರಿಸಿಕೊಂಡೆ: ಕಾಲ್‌ಸೈನಿನ ಹಿಂದೆ ಓರೆಗೆರೆ ಇರುವವು, ಯುಟಿಸಿ ನಡುರಾತ್ರಿಯನ್ನು ದಾಟಿದವು, ಎಫ್‌ಟಿ4ನವು, ಎಲ್‌ಎಸ್‌ಬಿ (ಧ್ವನಿ ಕಳಿಸುವ ಒಂದು ಬಗೆ) ಎಂದು ಬರೆದಿದ್ದವು, ಕನ್ನಡದಲ್ಲಿ ಟಿಪ್ಪಣಿ ಇದ್ದವು. ಅವನ್ನು ಒಂದು ತಂತ್ರಾಂಶಕ್ಕೆ ಹಾಕಿ, ಎಲ್ಲ ಲಾಗ್ ತಂತ್ರಾಂಶಗಳೂ ಓದುವ ಎಡಿಐಎಫ್ ಫೈಲಾಗಿ ಹೊರತೆಗೆದು, ಇನ್ನೊಂದಕ್ಕೆ ತುಂಬಿ, ಅಲ್ಲಿಂದ ಮತ್ತೆ ತೆಗೆದು, ಎರಡು ಫೈಲುಗಳನ್ನು ಪಕ್ಕಪಕ್ಕದಲ್ಲಿಟ್ಟು ಸಾಲುಸಾಲಾಗಿ ಹೋಲಿಸಿದೆ.

ಎಫ್‌ಟಿ8 ಎಂದು ಹೋದದ್ದು ಎಫ್‌ಟಿ8 ಆಗಿಯೇ ಮರಳಿತು. ಎಫ್‌ಟಿ4 ಮಾತ್ರ ಒಂದು ಕಡೆ ಎಂಎಫ್‌ಎಸ್‌ಕೆ ಆಗಿ ಬಂತು. ಎಡಿಐಎಫ್ ನಿಯಮದಲ್ಲಿ ಎಫ್‌ಟಿ8 ಸ್ವತಂತ್ರ ವಿಧಾನ, ಎಫ್‌ಟಿ4 ಎಂಎಫ್‌ಎಸ್‌ಕೆಯ ಉಪವಿಧಾನ. ನಾನು ಹಾಕಿದ್ದ ಹಳೆಯ ಆವೃತ್ತಿ ಉಪವಿಧಾನದ ಅಂಕಣವನ್ನೇ ಬಿಟ್ಟುಬಿಟ್ಟಿತ್ತು. ಎಲ್‌ಎಸ್‌ಬಿಯದೂ ಇದೇ ಕಥೆ: ವಿಧಾನ ಎಸ್‌ಎಸ್‌ಬಿ, ಎಲ್‌ಎಸ್‌ಬಿ ಅದರ ಉಪವಿಧಾನ. ನೋಟ್‌ಬುಕ್ಕಿನಲ್ಲಿದ್ದಂತೆ ಎಲ್‌ಎಸ್‌ಬಿ ಎಂದೇ ತುಂಬಿದ ನಾಲ್ಕು ನಮೂದುಗಳು ತಿರಸ್ಕೃತವಾದವು. ಅದು ನನ್ನ ತಪ್ಪು.

ಕನ್ನಡ ಟಿಪ್ಪಣಿಯ ಕಥೆ ಇನ್ನೂ ಸ್ವಾರಸ್ಯದ್ದು. ಎಡಿಐಎಫ್‌ನಲ್ಲಿ ಪ್ರತಿ ಅಂಕಣದ ಹೆಸರಿನ ಮುಂದೆ ಅದರೊಳಗೆ ಎಷ್ಟು ಅಕ್ಷರಗಳಿವೆ ಎಂಬ ಸಂಖ್ಯೆ ಇರುತ್ತದೆ. ಓದುವ ತಂತ್ರಾಂಶ ಅಷ್ಟನ್ನೇ ಎಣಿಸಿಕೊಂಡು ಮುಂದಕ್ಕೆ ಹೋಗುತ್ತದೆ. ಒಂದು ನಮೂದಿನಲ್ಲಿ ನನ್ನ ಟಿಪ್ಪಣಿ "ಮಳೆ" ಎಂದಿತ್ತು. ಕಣ್ಣಿಗೆ ಎರಡು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಮ, ಳ ಮತ್ತು ಎತ್ವ ಸೇರಿ ಮೂರು. ಯುಟಿಎಫ್-8ರಲ್ಲಿ ಬರೆದ ಫೈಲಿನಲ್ಲಿ ಒಂಬತ್ತು ಬೈಟು. ಬರೆದವನು ಮೂರು ಎಂದು ನಮೂದಿಸಿದ್ದ, ಓದಿದವನು ಮೂರು ಬೈಟು ಎಣಿಸಿ "ಮ" ಒಂದನ್ನೇ ಹಿಡಿದು ನಿಂತಿದ್ದ. ಉಳಿದ "ಳೆ" ಎಲ್ಲಿಯೂ ಸೇರದೆ ಬಿದ್ದುಹೋಗಿತ್ತು. ಆ ನಮೂದನ್ನು ತೆರೆದು ನೋಡಿದರೆ ಟಿಪ್ಪಣಿಯ ಜಾಗದಲ್ಲಿ "ಮ" ಅಷ್ಟೇ ಕೂತಿತ್ತು. ನಿಯಮದ ಪ್ರಕಾರ ಈ ಬಗೆಯ ಫೈಲಿನಲ್ಲಿ ಆಸ್ಕಿ, ಅಂದರೆ ಇಂಗ್ಲಿಷ್ ಕೀಲಿಮಣೆಯ, ಅಕ್ಷರಗಳಿಗಷ್ಟೇ ಜಾಗ. ಇತರ ಲಿಪಿಗಳಿಗೆ ಎಡಿಎಕ್ಸ್ ಎಂಬ ಬೇರೆ ರೂಪವಿದೆ, ಅದನ್ನು ಎಲ್ಲರೂ ಓದುವುದಿಲ್ಲ. ಆದ್ದರಿಂದ ಕನ್ನಡ ಟಿಪ್ಪಣಿಗಳನ್ನು ಕಂಪ್ಯೂಟರಿಗೆ ಹಾಕದೆ ನೋಟ್‌ಬುಕ್ಕಿನಲ್ಲೇ ಉಳಿಸಿ, ಲಾಗಿನಲ್ಲಿ ನೋಟ್‌ಬುಕ್ಕಿನ ಪುಟಸಂಖ್ಯೆಯನ್ನಷ್ಟೇ ಬರೆಯುವುದೆಂದು ತೀರ್ಮಾನಿಸಿದೆ. ಮನಸ್ಸಿಗೆ ಹಿತವಾದ ತೀರ್ಮಾನವಲ್ಲ.

ಕನ್ನಡದ್ದನ್ನು ಬದಿಗಿಟ್ಟರೆ ಉಳಿದ ನಮೂದುಗಳೆಲ್ಲ ಸಿಕ್ಯೂಆರ್‌ಲಾಗ್‌ನಿಂದ ಹೋದ ಹಾಗೆಯೇ ಹಿಂದಿರುಗಿದವು. ಪೈಯಲ್ಲಿ ನಡೆಯುತ್ತದೆ, ಇಂಟರ್‌ನೆಟ್ ಬೇಡ. ಆಯ್ಕೆ ಅಲ್ಲಿಗೆ ಮುಗಿಯಿತು.

4. ಫೆಬ್ರುವರಿ 2: ರಿಗ್ಗಿಗೆ ಕೇಬಲ್

ನನ್ನದು ಐಕಾಮ್ ಐಸಿ-718. ಅದರ ಹಿಂಬದಿಯಲ್ಲಿ ಕಂಪ್ಯೂಟರಿಗೆ ಜೋಡಿಸಲು ಸಿಐ-ವಿ ಎಂಬ 3.5 ಮಿಲಿಮೀಟರ್ ತೂತಿದೆ. ಕಳಿಸುವುದೂ ಪಡೆಯುವುದೂ ಒಂದೇ ತಂತಿಯಲ್ಲಿ. ಮೈಸೂರಿನ ಶಿವರಾಂಪೇಟೆಯಿಂದ 5 ವೋಲ್ಟಿನ ಯುಎಸ್‌ಬಿ-ಟಿಟಿಎಲ್ ಹಲಗೆ (220 ರೂಪಾಯಿ), ಪ್ಲಗ್ಗು, ಶೀಲ್ಡ್ ತಂತಿ ಮತ್ತು 1ಎನ್4148 ಡಯೋಡ್ (ಒಟ್ಟು 60) ತಂದೆ. ಹಲಗೆಯ ಆರ್‌ಎಕ್ಸ್ (ಪಡೆಯುವ) ಕಾಲನ್ನು ನೇರವಾಗಿ ತಂತಿಗೆ ಬೆಸೆದು, ಟಿಎಕ್ಸ್ (ಕಳಿಸುವ) ಕಾಲನ್ನು ಡಯೋಡಿನ ಮೂಲಕ ಅದೇ ತಂತಿಗೆ ಸೇರಿಸಬೇಕು. ಡಯೋಡಿನ ಪಟ್ಟಿ ಟಿಎಕ್ಸ್ ಕಡೆಗಿರಬೇಕು. ನಾನು ಪಟ್ಟಿಯನ್ನು ತಂತಿಯ ಕಡೆಗಿಟ್ಟು ಬೆಸೆದೆ. ರಿಗ್ಗು ತುಟಿಪಿಟಕ್ಕೆನ್ನಲಿಲ್ಲ. ವೇಗದ ಆಯ್ಕೆ ತಪ್ಪಿರಬೇಕೆಂದು 1200ರಿಂದ 19200ರವರೆಗೆ ಎಲ್ಲವನ್ನೂ ಬದಲಿಸಿ, ವಿಳಾಸ ತಪ್ಪಿರಬೇಕೆಂದು ಕೈಪಿಡಿ ತೆಗೆದು 5ಇ ಎಂಬುದನ್ನು ಖಚಿತಪಡಿಸಿಕೊಂಡು, ಎರಡೂವರೆ ಗಂಟೆ ಕಳೆದ ಮೇಲೆ ಡಯೋಡಿನತ್ತ ಕಣ್ಣು ಹೋಯಿತು. ತಿರುಗಿಸಿ ಬೆಸೆದ ಕೂಡಲೇ ಪರದೆಯಲ್ಲಿ ಆವರ್ತನ ಮೂಡಿತು.

ಇನ್ನೆರಡು ತೊಂದರೆಗಳು. ಡಬ್ಲ್ಯುಎಸ್‌ಜೆಟಿ-ಎಕ್ಸ್ ಮತ್ತು ಸಿಕ್ಯೂಆರ್‌ಲಾಗ್ ಎರಡೂ ಒಂದೇ ಯುಎಸ್‌ಬಿ ಪೋರ್ಟನ್ನು ಹಿಡಿಯಲು ಹೋಗಿ, ಎರಡನೆಯದಾಗಿ ತೆರೆದದ್ದು ಸೋಲುತ್ತಿತ್ತು. ಪೋರ್ಟನ್ನು ಹ್ಯಾಮ್‌ಲಿಬ್‌ನ ರಿಗ್‌ಸಿಟಿಎಲ್‌ಡಿ ಎಂಬ ಮಧ್ಯವರ್ತಿ ತಂತ್ರಾಂಶಕ್ಕೆ ಮಾತ್ರ ಬಿಟ್ಟುಕೊಟ್ಟು, ಇವೆರಡೂ 4532ನೇ ನೆಟ್‌ವರ್ಕ್ ಪೋರ್ಟಿನ ಮೂಲಕ ಅದನ್ನೇ ಕೇಳುವಂತೆ ಮಾಡಿದ ಮೇಲೆ ಜಗಳ ನಿಂತಿತು. ಎಫ್‌ಟಿ8 ಸಂಪರ್ಕ ಮುಗಿದೊಡನೆ ಅದು 2237ನೇ ಯುಡಿಪಿ ಪೋರ್ಟಿನ ಮೂಲಕ ಲಾಗಿಗೆ ತಾನೇ ಬಂದು ಕೂರುತ್ತದೆ. ಮತ್ತೊಂದು, 40 ಮೀಟರಿನಲ್ಲಿ 100 ವ್ಯಾಟ್ ಬಿಟ್ಟಾಗಲೆಲ್ಲ ಯುಎಸ್‌ಬಿ ಸಂಪರ್ಕ ಕಡಿದುಹೋಗುತ್ತಿತ್ತು. ನಾಲ್ಕು ಫೆರೈಟ್ ಕ್ಲಿಪ್ಪುಗಳನ್ನು (240 ರೂಪಾಯಿ) ಕೇಬಲ್ಲಿನ ಎರಡೂ ತುದಿಗೆ ಹಾಕಿದೆ, ಆಮೇಲೆ ಕಡಿದಿಲ್ಲ.

5. ಫೆಬ್ರುವರಿ 8ರಿಂದ 16: ಟೈಪ್ ಮಾಡಿದ್ದು

ಮಗಳು ಓದುವುದು, ನಾನು ಟೈಪಿಸುವುದು ಎಂಬ ಒಪ್ಪಂದದಲ್ಲಿ ದಿನಕ್ಕೆ ಸುಮಾರು ನೂರ ಅರವತ್ತು ಸಾಲಿನಂತೆ ಸ್ಪ್ರೆಡ್‌ಶೀಟಿಗೆ ಹಾಕಿದೆವು. ಮೊದಲ ನೋಟ್‌ಬುಕ್ಕಿನ ದಿನಾಂಕಗಳನ್ನು ನಾನು ಕನ್ನಡ ಅಂಕಿಗಳಲ್ಲಿ ಬರೆದಿದ್ದೆ. ಅವಸರದ ಕೈಬರಹದಲ್ಲಿ ೬ ಯಾವುದು, ೯ ಯಾವುದು ಎಂದು ನನಗೇ ತಿಳಿಯುವುದಿಲ್ಲ. "ಅಪ್ಪ, ಇದು ಜೂನೋ ಸೆಪ್ಟೆಂಬರೋ?" ಎಂದು ಅವಳು ಕೇಳಿದಾಗಲೆಲ್ಲ ಹಿಂದಿನ ಮುಂದಿನ ಸಾಲು ನೋಡಿ ನಿರ್ಧರಿಸಬೇಕಾಯಿತು. ಇಂಗ್ಲಿಷಿನ ಎಸ್ ಮತ್ತು 5 ಇದಕ್ಕಿಂತ ಕೆಟ್ಟವು, ಏಕೆಂದರೆ ಕಾಲ್‌ಸೈನಿಗೆ ಹಿಂದುಮುಂದಿನ ಸಾಲು ನೆರವಾಗುವುದಿಲ್ಲ.

ಈಗ ನನ್ನ ಅತಿ ದೊಡ್ಡ ತಪ್ಪು. ಭಾರತೀಯ ಸಮಯದ 510 ಸಾಲುಗಳನ್ನು ಯುಟಿಸಿಗೆ ತರಲು ಸಮಯದ ಅಂಕಣದಿಂದ ಐದೂವರೆ ಗಂಟೆ ಕಳೆಯುವ ಸೂತ್ರ ಬರೆದೆ. ದಿನಾಂಕದ ಅಂಕಣವನ್ನು ಮುಟ್ಟಲಿಲ್ಲ. ಬೆಳಗಿನ 5:30ಕ್ಕಿಂತ ಮೊದಲಿನ ಸಂಪರ್ಕಗಳಲ್ಲಿ ಯುಟಿಸಿ ದಿನಾಂಕ ಹಿಂದಿನ ದಿನದ್ದಾಗಬೇಕು. ಯಾವ ಕಾರ್ಡಿನಿಂದ ಈ ಕೆಲಸ ಶುರುವಾಯಿತೋ ಅದೇ ತಪ್ಪನ್ನು ನಾನು ಸೂತ್ರದಲ್ಲಿ ಮತ್ತೆ ಮಾಡಿದ್ದೆ. ಅಂಥವು 61 ಇದ್ದವು. ಅಷ್ಟರಲ್ಲಿ ಜನವರಿಯಲ್ಲೇ ಕೇಳಿದ್ದ, ಲಾಗಿಗೆ ಡಿಜಿಟಲ್ ಸಹಿ ಹಾಕಲು ಬೇಕಾದ ವಿಯು2 ಪ್ರಮಾಣಪತ್ರ ಬಂದಿದ್ದರಿಂದ, ಪರೀಕ್ಷೆಗೆಂದು ಮೊದಲ ನೋಟ್‌ಬುಕ್ಕಿನ ಕೊನೆಯ 40 ಸಂಪರ್ಕಗಳನ್ನು ಟಿಕ್ಯೂಎಸ್‌ಎಲ್ ಎಂಬ ತಂತ್ರಾಂಶದಲ್ಲಿ ಸಹಿ ಹಾಕಿ ಲಾಗ್‌ಬುಕ್ ಆಫ್ ದಿ ವರ್ಲ್ಡ್‌ಗೆ ಕಳಿಸಿಯೂ ಬಿಟ್ಟಿದ್ದೆ. ಅಲ್ಲಿಗೆ ಹೋದ ನಮೂದನ್ನು ಅಳಿಸಲು ಬರುವುದಿಲ್ಲ. ಆ ನಲವತ್ತರಲ್ಲಿ ಒಂಬತ್ತು, ನಾನು ಎಂದೂ ಮಾಡದ ದಿನದ ಸಂಪರ್ಕಗಳಾಗಿ ನನ್ನ ಹೆಸರಿನಲ್ಲಿ ಅಲ್ಲಿಯೇ ಇವೆ, ಇರುತ್ತವೆ. ಎರಡೂ ಕಡೆಯ ಸಮಯ ಅರ್ಧ ಗಂಟೆಯೊಳಗೆ ಹೊಂದದಿದ್ದರೆ ಅಲ್ಲಿ ತಾಳೆಯಾಗುವುದಿಲ್ಲ. ಹಾಗಾಗಿ ಅವುಗಳಿಂದ ಯಾರಿಗೂ ನಷ್ಟವಿಲ್ಲ, ನನಗೆ ನಾಚಿಕೆಯಷ್ಟೇ. ಆಮೇಲೆ ದಿನಾಂಕ ಮತ್ತು ಸಮಯವನ್ನು ಒಂದೇ ಅಂಕಣಕ್ಕೆ ಕೂಡಿಸಿ, ಅದರಿಂದ ಐದೂವರೆ ಗಂಟೆ ಕಳೆದು, ಮತ್ತೆ ಬೇರ್ಪಡಿಸಿದೆ. ಜಪಾನಿನ ಕಾರ್ಡಿನ ಸಾಲು 21:42 ಎಂದು, ಸರಿಯಾದ ದಿನಾಂಕದಡಿ, ಬಂದು ನಿಂತಿತು.

6. ಫೆಬ್ರುವರಿ 20: ಕರೆಂಟು ಹೋದ ರಾತ್ರಿ

ಸಂಜೆ 7:10ಕ್ಕೆ ಕರೆಂಟು ಹೋಯಿತು. ರಿಗ್ಗು ಬ್ಯಾಟರಿಯ ಮೇಲೆ ನಡೆಯುತ್ತದೆ. ಪೈ ಮಾತ್ರ ಗೋಡೆಯ ಅಡಾಪ್ಟರಿನಲ್ಲಿತ್ತು. 90 ರೂಪಾಯಿಯ ವೋಲ್ಟೇಜ್ ಇಳಿಸುವ ಹಲಗೆಯೊಂದು ಪೆಟ್ಟಿಗೆಯಲ್ಲಿ ಬಿದ್ದಿತ್ತು, ಅದನ್ನು 5.1 ವೋಲ್ಟಿಗೆ ಹೊಂದಿಸಿ 8:05ಕ್ಕೆ ಪೈಯನ್ನೂ ಬ್ಯಾಟರಿಗೆ ತಂದೆ. ಹಜಾರದ ರೂಟರ್ ಸತ್ತಿತ್ತು, ಆದರೆ ಲಾಗಿಗೆ ಇಂಟರ್‌ನೆಟ್ ಬೇಡವಲ್ಲ ಎಂದು ಹೆಮ್ಮೆಯಿಂದಲೇ ಕೂತು 20 ಮೀಟರಿನಲ್ಲಿ ಮೋರ್ಸ್ ಶುರುಮಾಡಿದೆ. ಐದು ಸಂಪರ್ಕಗಳಾದ ಮೇಲೆ ಕರೆಂಟು ಬಂತು. ಆರನೆಯದನ್ನು ಬರೆದು ಪಟ್ಟಿಯನ್ನು ನೋಡಿದರೆ, ಐದನೆಯದಕ್ಕೂ ಆರನೆಯದಕ್ಕೂ ನಡುವೆ ಸುಮಾರು ಎರಡು ಗಂಟೆಗಳ ಅಂತರ ಕಾಣುತ್ತಿತ್ತು. ನಾನು ಕುರ್ಚಿಯಿಂದ ಎದ್ದೇ ಇರಲಿಲ್ಲ.

ಪೈ 4ರಲ್ಲಿ ಬ್ಯಾಟರಿ ಇರುವ ಗಡಿಯಾರವಿಲ್ಲ. ಅದು ಗಂಟೆಗೊಮ್ಮೆ ಸಮಯವನ್ನು ಎಸ್‌ಡಿ ಕಾರ್ಡಿನಲ್ಲಿ ಬರೆದಿಟ್ಟುಕೊಂಡು, ಮತ್ತೆ ಎದ್ದಾಗ ಅಲ್ಲಿಂದಲೇ ಎಣಿಕೆ ಮುಂದುವರಿಸುತ್ತದೆ. ಸರಿಯಾದ ಸಮಯ ಇಂಟರ್‌ನೆಟ್‌ನಿಂದ ಬರಬೇಕು. ಕೊನೆಯ ಬಾರಿ ಬರೆದದ್ದು 6:17ಕ್ಕೆ. ಹಾಗಾಗಿ 8:05ನ್ನು ಅದು 6:17 ಎಂದುಕೊಂಡಿತ್ತು, 1 ಗಂಟೆ 48 ನಿಮಿಷ ಹಿಂದೆ. ಎಫ್‌ಟಿ8 ಆಗಿದ್ದರೆ ಗಡಿಯಾರ ಒಂದೆರಡು ಸೆಕೆಂಡು ತಪ್ಪಿದರೂ ಪರದೆ ಖಾಲಿಯಾಗಿ ಎಚ್ಚರಿಸುತ್ತಿತ್ತು. ಮೋರ್ಸ್ ಕೇಳುವ ಕಿವಿಗೆ ಗಡಿಯಾರದ ಹಂಗಿಲ್ಲ. ಐದು ನಮೂದುಗಳಿಗೂ 1:48 ಕೂಡಿಸಿ ತಿದ್ದಿದೆ.

ಅದೇ ರಾತ್ರಿ ಇನ್ನೊಂದು ಸಂಗತಿ ಗೊತ್ತಾಯಿತು. ಸಿಕ್ಯೂಆರ್‌ಲಾಗ್‌ನಲ್ಲಿ ತಾನಾಗಿ ಬ್ಯಾಕಪ್ ಆಗುವ ಆಯ್ಕೆಯನ್ನು ಹಾಕಿ ನಿಶ್ಚಿಂತನಾಗಿದ್ದೆ. ಆ ಬ್ಯಾಕಪ್ ಆಗುವುದು ತಂತ್ರಾಂಶವನ್ನು ಮುಚ್ಚುವಾಗ. ನಾನು ನಾಲ್ಕು ದಿನಗಳಿಂದ ಅದನ್ನು ಮುಚ್ಚಿಯೇ ಇರಲಿಲ್ಲ. 38 ಸಂಪರ್ಕಗಳು ಎಸ್‌ಡಿ ಕಾರ್ಡಿನಲ್ಲಿ ಮಾತ್ರ ಇದ್ದವು, ಆ ಕಾರ್ಡು ಹಠಾತ್ತನೆ ಕರೆಂಟು ಕಳೆದುಕೊಂಡಿತ್ತು. ಏನೂ ಕೆಡದಿದ್ದದ್ದು ಅದೃಷ್ಟ. ಈಗ ರಾತ್ರಿ ಕುರ್ಚಿಯಿಂದ ಏಳುವ ಮೊದಲು ತಂತ್ರಾಂಶವನ್ನು ಮುಚ್ಚುತ್ತೇನೆ, ಬ್ಯಾಕಪ್ ಪೆನ್‌ಡ್ರೈವಿಗೆ (350 ರೂಪಾಯಿ) ಹೋಗುತ್ತದೆ.

ಗಡಿಯಾರಕ್ಕೆ ಡಿಎಸ್3231 ಹಲಗೆ ತಂದೆ, 190 ರೂಪಾಯಿ, ಸಿಆರ್2032 ಸೆಲ್ಲಿಗೆ 40. ಪೈಯ 1, 3, 5 ಮತ್ತು 6ನೇ ಕಾಲುಗಳಿಗೆ ಬೆಸುಗೆ: ಕ್ರಮವಾಗಿ 3.3 ವೋಲ್ಟ್, ಎಸ್‌ಡಿಎ, ಎಸ್‌ಸಿಎಲ್, ನೆಲ (ಗ್ರೌಂಡ್). ಕಾಲುಗಳನ್ನು ತಪ್ಪಾಗಿ ಎಣಿಸಿ ಮೊದಲ ತಂತಿಯನ್ನು 2ನೇ ಕಾಲಿಗೆ, ಅಂದರೆ 5 ವೋಲ್ಟಿಗೆ, ಬೆಸೆದಿದ್ದೆ. ಕರೆಂಟು ಕೊಡುವ ಮೊದಲು ಮೀಟರ್ ಹಿಡಿದು ನೋಡುವ ಅಭ್ಯಾಸವಿದ್ದುದರಿಂದ ಪೈ ಉಳಿಯಿತು. ಈ ಅಗ್ಗದ ಹಲಗೆಗಳಲ್ಲಿ ಸೆಲ್ಲನ್ನು ಚಾರ್ಜ್ ಮಾಡುವ ಸರ್ಕ್ಯೂಟೂ ಇರುತ್ತದೆ, 5 ವೋಲ್ಟ್ ಕೊಟ್ಟರೆ ಚಾರ್ಜ್ ಆಗಬಾರದ ಸಿಆರ್2032 ಸೆಲ್ಲಿಗೂ ಅಪಾಯ. ಸಂರಚನಾ ಫೈಲಿನಲ್ಲಿ ಒಂದು ಸಾಲು ಸೇರಿಸಿ, ರೂಟರ್ ಆರಿಸಿ, ಪೈಯನ್ನು ಒಂದು ರಾತ್ರಿ ಪೂರ್ತಿ ಮಲಗಿಸಿ, ಬೆಳಿಗ್ಗೆ ಎಬ್ಬಿಸಿದಾಗ ಸಮಯ ಸರಿಯಾಗಿತ್ತು.

7. ಮಾರ್ಚ್ 1: ಎರಡು ಕಾಲ್‌ಸೈನ್, ಒಂದು ಲಾಗ್

ಎಲ್ಲವನ್ನೂ ಒಟ್ಟು ಮಾಡಿದಾಗ 3,605. ನೋಟ್‌ಬುಕ್ಕಿನಲ್ಲೂ ಫೈಲಿನಲ್ಲೂ ಎರಡೆರಡು ಬಾರಿ ಇದ್ದ 31ನ್ನು ತೆಗೆದು 3,574. ಸಹಿ ಹಾಕುವ ಗುಂಡಿಯ ಮೇಲೆ ಬೆರಳಿಟ್ಟಾಗ ಜನವರಿಯ ಕೆಂಪು ಶಾಯಿ ನೆನಪಾಯಿತು. ವಿಯು3 ಕಾಲದ 236 ಸಂಪರ್ಕಗಳೂ ವಿಯು2 ಲಾಗಿನೊಳಗೇ ಕೂತಿದ್ದವು. ಈ ಸಲ ಮೊದಲೇ ಕಂಡದ್ದರಿಂದ ಬಚಾವು. ಅವನ್ನು ಪ್ರತ್ಯೇಕ ಲಾಗಾಗಿ ತೆಗೆದು, ಹಳೆಯ ಕಾಲ್‌ಸೈನಿಗೆ ಆರಂಭ ಮತ್ತು ಮುಕ್ತಾಯದ ದಿನಾಂಕಗಳೊಂದಿಗೆ ಬೇರೆ ಪ್ರಮಾಣಪತ್ರ ಕೇಳಿದೆ.

ವಿಯು2ನ 3,338ನ್ನು ಕಳಿಸುವ ಮುನ್ನ ನನ್ನ ರೇಡಿಯೊ ಠಾಣೆಯ ವಿವರವನ್ನು ಮತ್ತೊಮ್ಮೆ ಓದಿದೆ: ಸಿಕ್ಯೂ ವಲಯ 22, ಐಟಿಯು ವಲಯ 41, ಗ್ರಿಡ್ (ಭೂಪಟದ ಚೌಕದ ಗುರುತು) ಕೆಎಂ82. ಮೈಸೂರು, ಮಂಡ್ಯ ಎರಡೂ ಇರುವುದು ಎಂಕೆ82ರಲ್ಲಿ. ಎರಡಕ್ಷರ ಅದಲುಬದಲಾಗಿ ನಾನು ಜೋರ್ಡಾನ್ ಮತ್ತು ಸಿರಿಯಾಗಳ ಗಡಿಯಲ್ಲಿ ಆ್ಯಂಟೆನಾ ಕಟ್ಟಿದ್ದೆ. ಫೆಬ್ರುವರಿಯ ಆ ನಲವತ್ತೂ ಅಲ್ಲಿಂದಲೇ ಹೋಗಿವೆ. ಈ ಬಾರಿ ತಿದ್ದಿ ಕಳಿಸಿದೆ.

8. ಮಾರ್ಚ್ 9: ಈಗಿನ ಸ್ಥಿತಿ

ಕಳಿಸಿದವುಗಳಲ್ಲಿ 1,391 ಸಂಪರ್ಕಗಳು ಆಚೆ ಕಡೆಯ ದಾಖಲೆಯೊಂದಿಗೆ ತಾಳೆಯಾಗಿವೆ. ನೂರು ದೇಶ-ಪ್ರದೇಶಗಳನ್ನು ಸಂಪರ್ಕಿಸಿದವರಿಗೆ ಸಿಗುವ ಡಿಎಕ್ಸ್‌ಸಿಸಿ ಪ್ರಶಸ್ತಿಯ ಲೆಕ್ಕದಲ್ಲಿ 87 ದೇಶ-ಪ್ರದೇಶಗಳು, ನೂರಕ್ಕೆ ಇನ್ನು 13. ಖರ್ಚು ಒಟ್ಟು 1,190 ರೂಪಾಯಿ, ಅದರಲ್ಲಿ ತಂತ್ರಾಂಶಕ್ಕೆ ಕೊಟ್ಟದ್ದು ಸೊನ್ನೆ. ವೋಲ್ಟೇಜ್ ಇಳಿಸುವ ಹಲಗೆ 40 ಮೀಟರಿನಲ್ಲಿ ಗೊರಗೊರ ಸದ್ದು ಮಾಡುತ್ತಿದೆ, ಅದನ್ನು ತಗಡಿನ ಡಬ್ಬಿಯೊಳಗೆ ಕೂರಿಸುವುದು ಬಾಕಿ. ವಿಯು3 ಪ್ರಮಾಣಪತ್ರ ಇನ್ನೂ ಬಂದಿಲ್ಲ.

ಮೂರನೆಯ ನೋಟ್‌ಬುಕ್ಕಿನ ಒಂದು ಪುಟ ಒಮ್ಮೆ ಸೋರಿದ ನೀರಿನಲ್ಲಿ ನೆನೆದಿದೆ. ಮೊದಲ ಎಣಿಕೆಗೆ ಸೇರಿಸದ 14 ಸಾಲುಗಳು ಅದರಲ್ಲಿವೆ. ಸಮಯ ಕಾಣುತ್ತದೆ, ಬ್ಯಾಂಡ್ ಕಾಣುತ್ತದೆ, ಕಾಲ್‌ಸೈನುಗಳು ಅರ್ಧರ್ಧ. ಮಗಳು ಮೊಬೈಲಿನ ಬೆಳಕನ್ನು ಹಾಳೆಯ ಹಿಂದಿನಿಂದ ಹಿಡಿದು ಎರಡನ್ನು ಓದಿದಳು, ಆದರೆ ಒಂದರ ಕೊನೆಯ ಅಕ್ಷರದ ಬಗ್ಗೆ ನಮ್ಮಿಬ್ಬರಲ್ಲಿ ಒಮ್ಮತವಿಲ್ಲ. ಊಹಿಸಿ ತುಂಬುವುದು ಬೇಡವೆಂದು ಆ ಪುಟವನ್ನು ಹಾಗೆಯೇ ಬಿಟ್ಟಿದ್ದೇನೆ.